ವೈದ್ಯನು ಯಾವ ಶಾಖೆಯನ್ನು ಆರಿಸಿಕೊಳ್ಳತಕ್ಕದ್ದು?

ಈಗ ನಮ್ಮ ಹಳ್ಳಿಗಳ ಮಕ್ಕಳೂ ವೈದ್ಯವಿದ್ಯೆಯನ್ನು ಕಲಿಯುತ್ತಾರೆ. ಎಮ್.ಬಿ.ಬಿ.ಎಸ್. ಮುಗಿಸಿ ಮುಂದೆ ಓದಬೇಕೆನ್ನುವವರು ಒಂದು ಶಾಖೆಯನ್ನು ಆರಿಸಿಕೊಳ್ಳಬೇಕು. ಆಗ ಹಿರಿಯರಲ್ಲಿ ಅನೇಕರು, "ಅಪ್ಪಾ, ರಾತ್ರಿಯಲ್ಲಿ ಯಾರೂ ಕದ ತಟ್ಟದಂಥದನ್ನು ಹಿಡಿ" ಎಂದು ಬುದ್ಧಿ ಹೇಳುತ್ತಾರೆ. ಈ ಬುದ್ಧಿಯು ಸರಿಯೋ ಎಂದು ಯೋಚಿಸೋಣ.

ವಿಶ್ರಾಂತಿಯನ್ನು ಬಯಸುವದು ತಪ್ಪಲ್ಲ. ನಿದ್ರೆಗೆಟ್ಟವನ ಕೈ ತಪ್ಪುವದುಂಟು. ವೈದ್ಯನಿಗೂ ಹೆಂಡತಿ ಮಕ್ಕಳುಂಟು. ಚರ್ಮರೋಗವನ್ನು ನೋಡುವವನೂ ಕ್ಷಕಿರಣದ ಚಿತ್ರವನ್ನು ಪರೀಕ್ಷಿಸುವವನೂ ಜನರಿಗೆ ಬೇಕಾದವರೇ. ಆದದರಿಂದ ಒಂದು ಶಾಖೆ ಮೇಲು, ಇನ್ನೊಂದು ಕೀಳು ಎಂದು ನಾವು ಹೇಳುವದಿಲ್ಲ. ಆರಿಸುವವನು ಯಾವದನ್ನು ಮುಂದಿಟ್ಟುಕೊಂಡನೆಂಬದೇ ಪ್ರಶ್ನೆ.

ಡಾಕ್ಟರ್ ಪಾಲ್ ಬ್ರಾಂಡರು 1914ರಲ್ಲಿ ತಮಿಳು ಸೀಮೆಯ ಕೊಲ್ಲಿಬೆಟ್ಟದಲ್ಲಿ ಹುಟ್ಟಿದರು. ಬಾಲ್ಯದಲ್ಲಿ ತಂದೆಯು ಹುಣ್ಣುಗಳಿಗೆ ಔಷಧ ಮಾಡುವದನ್ನು ಕಂಡು ಅವರು ಹೇಸಿಕೊಂಡು, ಮೊದಲು ಮನೆ ಕಟ್ಟುವ ಕಸುಬನ್ನು ಕಲಿತರು. ಆ ಮೇಲೆ ಶಸ್ತ್ರವೈದ್ಯರಾಗಿ 1946ರಲ್ಲಿ ವೆಲ್ಲೂರಿಗೆ ಬಂದರು. ಚೆಂಗಲ್ಪಟ್ಟಿನ ಕುಷ್ಠರೋಗಿಗಳ ಆಶ್ರಮದಲ್ಲಿ ಬೆರಳುಗಳು ಸೊಟ್ಟಗಾಗಿದ್ದ ಒಬ್ಬನ ಕೈಯಲ್ಲಿ ತಮ್ಮ ಕೈಯನ್ನಿಟ್ಟು, "ಹಿಸುಕು" ಅಂದರು. ಹಿಡಿತವು ನೋಯುವಷ್ಟು ಬಲವಾಗಿತ್ತು! ಹಾಗಾದರೆ ಕೆಲವು ಸ್ನಾಯುಗಳು ಇನ್ನೂ ಜೀವದಿಂದಿವೆ ಎಂದು ಅವರು ತಿಳಿದರು. ಮುಂದೆ ಬಲವುಳ್ಳ ಸ್ನಾಯುವಿನ ನರಕಟ್ಟನ್ನು ಸೊಟ್ಟಬೆರಳಿಗೆ ಜೋಡಿಸಿ, ಅನೇಕರು ಪುನಃ ಕೈಯಿಂದ ದುಡಿಯುವಂತೆ ಮಾಡಿದರು. ಬೆರಳುಗಳು ರೋಗದಿಂದ ತಾವಾಗಿಯೇ ಉದುರುವದಿಲ್ಲ. ನೋವು ತಿಳಿಯದ್ದರಿಂದ ಬೆಂಕಿಯೂ ಗಾಯವೂ ಅವುಗಳನ್ನು ಕೆಡಿಸುತ್ತವೆ ಎಂಬದನ್ನೂ ತೋರಿಸಿಕೊಟ್ಟರು. ಅವರು 2003ರಲ್ಲಿ ತೀರಿಕೊಂಡರು.

ಇದರಿಂದ ನಾವು ಕಲಿಯತಕ್ಕದ್ದೇನು? ಕೆಲಸದ ಮೇಲಿನ ಪ್ರೀತಿಯು ಹುಟ್ಟುವಾಗಲೇ ಬರಬೇಕೆಂದಿಲ್ಲ. ಕೊರತೆಯನ್ನು ಸಮೀಪದಿಂದ ನೋಡಿದವನಲ್ಲಿ ಅದು ಬೆಳೆಯುತ್ತದೆ. ಸುಖಕ್ಕಾಗಿಯೇ ಶಾಖೆಯನ್ನು ಹಿಡಿದವನಿಗಾದರೋ ರೋಗಿಯು ತನ್ನ ಸುಖವನ್ನು ಕದಿಯುವವನಾಗಿ ತೋರುವನು. ಯಾಕಂದರೆ ಎಂದಾದರೊಂದು ದಿನ ಕದ ತಟ್ಟದಿರುವ ಶಾಖೆ ಯಾವದೂ ಇಲ್ಲ. ಪ್ರೀತಿಯಿಂದ ಆರಿಸಿಕೊಂಡವನೂ ದಣಿಯುವನು. ಆದರೆ ತಾನು ಎದ್ದದ್ದು ಯಾರಿಗಾಗಿ ಎಂಬದು ಅವನಿಗೆ ಗೊತ್ತಿರುವದು.

ತಂದೆತಾಯಿಗಳೇ, "ಬಿಡುವು ಎಷ್ಟು, ಸಂಬಳವೆಷ್ಟು?" ಎಂದು ಮೊದಲು ಕೇಳಬೇಡಿರಿ. "ಮನೆಗೆ ಬಂದ ಮೇಲೆಯೂ ಯಾವ ರೋಗಿಯ ಚಿಂತೆ ನಿನ್ನನ್ನು ಬಿಡುವದಿಲ್ಲ?" ಎಂದು ಕೇಳಿರಿ. ಮಗಳಾಗಲಿ ಮಗನಾಗಲಿ ಕಷ್ಟದ ದಾರಿಯನ್ನು ಹಿಡಿದರೆ, ದೊಡ್ಡ ಮನೆಯನ್ನೂ ಒಡವೆಯನ್ನೂ ಅವರಿಂದ ಬಯಸದೆ ಆ ಭಾರದಲ್ಲಿ ನಿಮ್ಮ ಪಾಲನ್ನು ಹೊತ್ತುಕೊಳ್ಳಿರಿ.