ಗೋಡೆಯೂ ಆಡುತ್ತದೆ

ಚಾನ್ಸಿ ಎಂಬುದು ಗುಲಾಬಿ ಬಣ್ಣದ, ದುಂಡುದುಂಡಾದ, ಹೊಟ್ಟೆಯ ಚೀಲದಲ್ಲೊಂದು ಮೊಟ್ಟೆ ಇಟ್ಟುಕೊಂಡು ಓಡಾಡುವ ಪ್ರಾಣಿ. 1996ರಲ್ಲಿ ಜಪಾನಿನಲ್ಲಿ ಬಂದ ಮೊದಲ ಪೋಕೆಮಾನ್ ವಿಡಿಯೊ ಗೇಮ್‌ಗಳಲ್ಲೇ ಅದು ಇತ್ತು. ಆಟದ ಲೆಕ್ಕದಲ್ಲಿ ಅದರ ದಾಳಿಯ ಮೂಲಾಂಕ 5. ಗುದ್ದು, ಕಡಿತ, ಒದೆತಗಳನ್ನು ತಡೆದುಕೊಳ್ಳುವ ಮೂಲಾಂಕವೂ 5. ಎಷ್ಟು ಪೆಟ್ಟು ತಿಂದು ನಿಲ್ಲಬಲ್ಲದು ಎಂದು ಹೇಳುವ ಎಚ್‌ಪಿ ಮಾತ್ರ 250. ಹೊಡೆಯಲು ಬಾರದ, ಸಾಯಲು ಒಲ್ಲದ ಈ ಪ್ರಾಣಿಯನ್ನು ಪಂದ್ಯಕ್ಕಿಳಿಸಿ ಗೆಲ್ಲುವವರಿದ್ದಾರೆ. ಅವರ ಎದುರು ಕೂತವರು ಎಷ್ಟೋ ಸಲ ಪಂದ್ಯವನ್ನು ಅರ್ಧಕ್ಕೇ ಬಿಟ್ಟು ಎದ್ದುಹೋಗುತ್ತಾರೆ. ಅವರ ದೂರು ಒಂದೇ: ಇದು ಆಟವೇ ಅಲ್ಲ.

ದೂರು ಗಂಭೀರವಾದದ್ದು. ಹೊಡೆಯುವವನು ಏನನ್ನೋ ಮಾಡುತ್ತಿದ್ದಾನೆ, ತಡೆಯುವವನು ಏನನ್ನೂ ಮಾಡುತ್ತಿಲ್ಲ ಎಂಬ ನಂಬಿಕೆ ಅದರ ಬುಡದಲ್ಲಿದೆ. ಆ ನಂಬಿಕೆ ಸರಿಯಲ್ಲ ಎಂಬುದಕ್ಕೆ ಚಾನ್ಸಿಗಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ.

ಆಟದ ಕ್ರಮ ಸರಳ. ಇಬ್ಬರ ಬಳಿಯೂ ಆರಾರು ಪೋಕೆಮಾನ್. ಪ್ರತಿ ಸರದಿಯಲ್ಲೂ ಇಬ್ಬರೂ ಒಬ್ಬರಿಗೊಬ್ಬರು ಕಾಣದಂತೆ ತಮ್ಮ ನಡೆ ಆರಿಸುತ್ತಾರೆ. ಹೊಡೆಯಬಹುದು, ಗಾಯ ಮಾಯಿಸಿಕೊಳ್ಳಬಹುದು, ಇಲ್ಲವೇ ಕಣದಲ್ಲಿರುವ ಪೋಕೆಮಾನ್ ಅನ್ನು ಹಿಂದಕ್ಕೆ ಕರೆದು ಬೇರೊಂದನ್ನು ಇಳಿಸಬಹುದು. ಯಾರ ಆರೂ ಬೀಳುತ್ತವೋ ಅವರು ಸೋತಂತೆ. ಹೊಡೆತಗಳಲ್ಲಿ ಎರಡು ಬಗೆ. ಗುದ್ದು, ಕಡಿತದಂಥವು ಫಿಸಿಕಲ್; ಬೆಂಕಿ, ಮಿಂಚು, ಮನೋಬಲದಂಥವು ಸ್ಪೆಷಲ್. ಚಾನ್ಸಿ ಎರಡನೆಯ ಬಗೆಯ ಮುಂದೆ ಬಂಡೆ, ಮೊದಲನೆಯದರ ಮುಂದೆ ಹಪ್ಪಳ. 1999ರ ಗೋಲ್ಡ್ ಮತ್ತು ಸಿಲ್ವರ್ ಆಟಗಳಲ್ಲಿ ಅದರ ಮುಂದಿನ ರೂಪವಾಗಿ ಬ್ಲಿಸ್ಸಿ ಬಂತು. ಅದರ ಎಚ್‌ಪಿ ಮೂಲಾಂಕ 255. ಅದನ್ನು ಮೀರಿಸಿದ ಪೋಕೆಮಾನ್ ಇಲ್ಲ. ಚಾನ್ಸಿಯ ಕಾಲ ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ, 2010ರ ಬ್ಲ್ಯಾಕ್ ಮತ್ತು ವೈಟ್ ಆಟಗಳು ಎವಿಯೊಲೈಟ್ ಎಂಬ ಕಲ್ಲನ್ನು ತಂದವು. ಇನ್ನೂ ಪೂರ್ತಿ ಬೆಳೆಯದ ಪೋಕೆಮಾನ್ ಅದನ್ನು ಹಿಡಿದರೆ ಎರಡೂ ಬಗೆಯ ರಕ್ಷಣೆ ಒಂದೂವರೆ ಪಟ್ಟಾಗುತ್ತದೆ. ತಾಯಿಗಿಂತ ಮಗುವೇ ಗಟ್ಟಿಯಾಯಿತು. ನೂರನೆಯ ಮಟ್ಟದಲ್ಲಿ ಚೆನ್ನಾಗಿ ಪಳಗಿಸಿದ ಚಾನ್ಸಿಗೆ 704 ಎಚ್‌ಪಿ ಇರುತ್ತದೆ.

ಇಂಥದ್ದರ ಎದುರು ಒಂದು ಡ್ರ್ಯಾಗನ್ ಬಂದು ನಿಂತಿತು ಎನ್ನಿ. ಅದರ ಬತ್ತಳಿಕೆಯಲ್ಲಿ ಡ್ರೇಕೋ ಮೀಟಿಯರ್ ಎಂಬ ಅಸ್ತ್ರವಿದೆ, ಹೆಚ್ಚೆಂದರೆ 8 ಸಲ ಬಿಡಬಹುದು. ಒಮ್ಮೆ ಬಿಟ್ಟರೆ ಬಿಟ್ಟವನ ಸ್ಪೆಷಲ್ ಬಲವೇ ಅರ್ಧಕ್ಕೆ ಇಳಿಯುತ್ತದೆ. ಚಾನ್ಸಿಯ ಬಳಿ ಇರುವುದು ಸಾಫ್ಟ್-ಬಾಯಿಲ್ಡ್. ಒಂದು ಸಲಕ್ಕೆ ಅರ್ಧ ಎಚ್‌ಪಿ ಮರಳುತ್ತದೆ. 2022ಕ್ಕೆ ಮುಂಚಿನ ಆಟಗಳಲ್ಲಿ ಅದನ್ನು 16 ಸಲ ಬಳಸಬಹುದಿತ್ತು. ಡ್ರ್ಯಾಗನ್‌ನ ಮೊದಲ ಹೊಡೆತವೇ ಅದರ ಅತಿ ದೊಡ್ಡ ಹೊಡೆತ. ಅದು ಚಾನ್ಸಿಯ ಅರ್ಧ ಎಚ್‌ಪಿಯನ್ನು ಕೀಳದಿದ್ದರೆ ಅದೃಷ್ಟ ಕೈಹಿಡಿಯದ ಹೊರತು ಮುಂದಿನವು ಕೀಳುವುದಿಲ್ಲ. ಈ ಲೆಕ್ಕ ಡ್ರ್ಯಾಗನ್ ಇಳಿಸಿದವನಿಗೂ ಗೊತ್ತು, ಚಾನ್ಸಿ ಇಳಿಸಿದವನಿಗೂ ಗೊತ್ತು. ಚಾನ್ಸಿ ಕಣಕ್ಕೆ ಬಂದ ಗಳಿಗೆಯಲ್ಲೇ ಎದುರಾಳಿಗೆ ಒಂದು ಪ್ರಶ್ನೆ ಬಿದ್ದಿದೆ: ಬಲವನ್ನು ಬಿಟ್ಟು ನಿನ್ನ ಬಳಿ ಬೇರೆ ಏನಿದೆ?

ತಡೆದರಷ್ಟೇ ಸಾಲದು, ಗೆಲ್ಲಲೂ ಬೇಕು. ಇಲ್ಲಿ ಕ್ರಿಕೆಟ್ಟಿನ ಒಂದು ದಾಖಲೆ ನೆನಪಿಗೆ ಬರುತ್ತದೆ. 1964ರ ಜನವರಿಯಲ್ಲಿ ಮದರಾಸಿನ ಟೆಸ್ಟ್‌ನಲ್ಲಿ ಬಾಪು ನಾಡಕರ್ಣಿ ಇಂಗ್ಲೆಂಡಿನ ಮೊದಲ ಇನಿಂಗ್ಸ್‌ನಲ್ಲಿ 32 ಓವರ್ ಎಸೆದು 27 ಮೇಡನ್ ಮಾಡಿ ಬರೀ 5 ರನ್ ಕೊಟ್ಟರು. ಅದರಲ್ಲಿ 21 ಓವರ್ ಸತತವಾಗಿ ಮೇಡನ್. ವಿಕೆಟ್ ಒಂದೂ ಇಲ್ಲ. ಪಂದ್ಯ ಡ್ರಾ, ಆ ಸರಣಿಯ ಐದು ಟೆಸ್ಟ್‌ಗಳೂ ಡ್ರಾ. ತಡೆಯುವವನಿಗೆ ಟೆಸ್ಟ್ ಕ್ರಿಕೆಟ್ ಡ್ರಾ ಎಂಬ ಆಸರೆ ಕೊಡುತ್ತದೆ. ಪೋಕೆಮಾನ್ ಪಂದ್ಯದಲ್ಲಿ ಡ್ರಾಗಾಗಿ ಆಡಲು ಬರುವುದಿಲ್ಲ. ಚಾನ್ಸಿಯಂಥ ಗೋಡೆಯೂ ಎದುರಿನ ಆರನ್ನು ಕೆಡವಲೇಬೇಕು.

ಹೊಡೆಯದೆ ಕೆಡವುವುದು ಹೇಗೆ ಎಂಬುದರಲ್ಲೇ ಈ ಶೈಲಿಯ ಜಾಣ್ಮೆ ಇದೆ. 2002ರ ರೂಬಿ ಮತ್ತು ಸಫೈರ್ ಆಟಗಳ ಕಾಲದ ಹೆಸರಾಂತ ಜೋಡಿ ಸ್ಕಾರ್ಮರಿ ಮತ್ತು ಬ್ಲಿಸ್ಸಿ. ಸ್ಕಾರ್ಮರಿ ಉಕ್ಕಿನ ಹಕ್ಕಿ. ಫಿಸಿಕಲ್ ಹೊಡೆತ ತಡೆಯುವ ಮೂಲಾಂಕ 140. ಗುದ್ದುವವನು ಬಂದರೆ ಅದು ಮುಂದಕ್ಕೆ, ಬೆಂಕಿ ಉಗುಳುವವನು ಬಂದರೆ ಬ್ಲಿಸ್ಸಿ ಮುಂದಕ್ಕೆ. ನಡುವೆ ಬಿಡುವು ಸಿಕ್ಕಾಗ ಬ್ಲಿಸ್ಸಿ ಎದುರಾಳಿಗೆ ಟಾಕ್ಸಿಕ್ ವಿಷ ಹಾಕುತ್ತದೆ. ಆ ವಿಷ ಮೊದಲ ಸರದಿಯಲ್ಲಿ ಎಚ್‌ಪಿಯ ಹದಿನಾರರಲ್ಲಿ ಒಂದು ಪಾಲು ತಿನ್ನುತ್ತದೆ, ಎರಡನೆಯದರಲ್ಲಿ ಎರಡು ಪಾಲು, ಮೂರನೆಯದರಲ್ಲಿ ಮೂರು. ಐದು ಸರದಿಗೆ ಹದಿನೈದು ಪಾಲು ಹೋಗಿರುತ್ತದೆ. ಆರನೆಯದರಲ್ಲಿ ಪ್ರಾಣಿ ಬೀಳುತ್ತದೆ. ತಪ್ಪಿಸಿಕೊಳ್ಳುವ ದಾರಿಯೂ ಇದೆ. ವಿಷ ತಗುಲಿದ್ದನ್ನು ಹಿಂದಕ್ಕೆ ಕರೆದರೆ ಲೆಕ್ಕ ಮತ್ತೆ ಒಂದರಿಂದ ಶುರು. ಅಷ್ಟರಲ್ಲಿ ಸ್ಕಾರ್ಮರಿ ನೆಲದ ಮೇಲೆ ಸ್ಪೈಕ್ಸ್ ಮುಳ್ಳುಗಳನ್ನು ಹರಡಿರುತ್ತದೆ. ಒಂದು ಪದರವಿದ್ದರೆ ಒಳಗೆ ಕಾಲಿಟ್ಟವನ ಎಚ್‌ಪಿಯ ಎಂಟರಲ್ಲಿ ಒಂದು ಪಾಲು ಹೋಗುತ್ತದೆ, ಮೂರು ಪದರವಿದ್ದರೆ ಕಾಲು ಭಾಗವೇ. ನಿಂತರೆ ವಿಷ, ಹೋಗಿಬಂದರೆ ಮುಳ್ಳು. ವಿಷಕ್ಕೂ ಜಗ್ಗದೆ ನಿಂತವನನ್ನು ವರ್ಲ್‌ವಿಂಡ್ ಗಾಳಿ ಹೊರಗೆ ತಳ್ಳಿ ಬೇರೊಂದನ್ನು ಮುಳ್ಳಿನ ಮೇಲೆ ಎಳೆದು ತರುತ್ತದೆ.

ಇದರಲ್ಲಿ ಏನೂ ಮಾಡದೆ ಕೂತ ಗಳಿಗೆ ಯಾವುದು? ಎದುರಾಳಿಯ ಮುಂದಿನ ನಡೆ ಗುದ್ದೋ ಬೆಂಕಿಯೋ ಎಂದು ಗೋಡೆಯವನು ಪ್ರತಿ ಸರದಿಯಲ್ಲೂ ಊಹಿಸಬೇಕು. ಊಹೆ ತಪ್ಪಿ ಬ್ಲಿಸ್ಸಿಯ ಮೇಲೆ ಬಲವಾದ ಗುದ್ದು ಬಿದ್ದರೆ ಇಡೀ ಕಟ್ಟೋಣವೇ ಕುಸಿಯುತ್ತದೆ. ದಾಳಿಕೋರನಿಗೆ ತಪ್ಪು ಮಾಡಿಯೂ ಗೆಲ್ಲುವ ಅವಕಾಶಗಳಿವೆ. ಒಂದು ಅದೃಷ್ಟದ ಹೊಡೆತ ಅವನ ಹಿಂದಿನ ಮೂರು ತಪ್ಪುಗಳನ್ನು ಮುಚ್ಚಬಲ್ಲದು. ಗೋಡೆಯವನಿಗೆ ಆ ಭಾಗ್ಯವಿಲ್ಲ. ಪಂದ್ಯ ಉದ್ದವಾದಷ್ಟೂ ತಪ್ಪುವ ಸಂದರ್ಭಗಳು ಹೆಚ್ಚು, ಎದುರಾಳಿಯ ಅದೃಷ್ಟ ತೆರೆಯುವ ಸಾಧ್ಯತೆಯೂ ಹೆಚ್ಚು. ಅವನು ಅದನ್ನೆಲ್ಲ ಒಪ್ಪಿಕೊಂಡೇ ಕಣಕ್ಕಿಳಿಯುತ್ತಾನೆ.

ತತ್ತ್ವಶಾಸ್ತ್ರಜ್ಞ ಬರ್ನಾರ್ಡ್ ಸೂಟ್ಸ್ 1978ರಲ್ಲಿ ಪ್ರಕಟಿಸಿದ ‘ದಿ ಗ್ರಾಸ್‌ಹಾಪರ್’ ಈ ಚರ್ಚೆಯಲ್ಲಿ ನೆರವಿಗೆ ಬರುತ್ತದೆ. ಬೇಡದ ಅಡ್ಡಿಗಳನ್ನು ತಾವಾಗಿಯೇ ಒಪ್ಪಿಕೊಂಡು ಅವನ್ನು ದಾಟಲು ಹೆಣಗುವುದೇ ಆಟ ಎಂಬುದು ಅವರ ವಿವರಣೆಯ ಸಾರ. ಆಟದ ಜೊತೆ ಹೊಂದದ ಮೂವರನ್ನು ಅವರು ಗುರುತಿಸುತ್ತಾರೆ. ಮೋಸಗಾರನಿಗೆ ಗುರಿ ಬೇಕು, ನಿಯಮ ಬೇಡ. ಹೊತ್ತುಗಳೆಯುವವನು ನಿಯಮ ಮೀರುವುದಿಲ್ಲ, ಆದರೆ ಅವನಿಗೆ ಗುರಿಯ ಹಂಬಲವಿಲ್ಲ. ಆಟಗೆಡುಕನಿಗೆ ಎರಡೂ ಬೇಡ. ಚಾನ್ಸಿಯನ್ನು ಇಳಿಸಿದವನು ಈ ಮೂವರಲ್ಲಿ ಯಾರೂ ಅಲ್ಲ. ಅವನು ನಿಯಮಕ್ಕೆ ಬದ್ಧ, ಗೆಲುವಿನ ಆಸೆಯೂ ಅವನಿಗೆ ಎಲ್ಲರಷ್ಟೇ ಇದೆ. ಸೂಟ್ಸ್‌ರ ಮಾತನ್ನು ಒಂದು ಹೆಜ್ಜೆ ಮುಂದಕ್ಕೆ ಒಯ್ಯುವುದಾದರೆ, ಎದುರಾಳಿ ಒಪ್ಪಿಕೊಂಡು ಬಂದ ಅಡ್ಡಿಯೇ ಗೋಡೆ. ಅಡ್ಡಿಯನ್ನು ಆಟದ ಶತ್ರು ಎಂದು ಕರೆಯುವವನು ತಾನು ಬಂದದ್ದು ಏತಕ್ಕೆ ಎಂಬುದನ್ನೇ ಮರೆತಿದ್ದಾನೆ.

ಹಾಗಾದರೆ ರಕ್ಷಣೆಯ ಹೆಸರಿನಲ್ಲಿ ಏನು ಮಾಡಿದರೂ ಸರಿಯೇ? ಅಲ್ಲ. ಗೆರೆ ಇದೆ. ದೂರುವವರು ಅದನ್ನು ದಾಳಿ ಮತ್ತು ರಕ್ಷಣೆಯ ನಡುವೆ ಎಳೆಯುತ್ತಾರೆ. ಅದು ಇರಬೇಕಾದದ್ದು ಇನ್ನೊಂದು ಕಡೆ.

ವಾಬಫೆಟ್ ಎಂಬ ನೀಲಿ ಪ್ರಾಣಿಗೆ ತಾನಾಗಿ ಹೊಡೆಯುವ ಒಂದು ವಿದ್ಯೆಯೂ ಗೊತ್ತಿಲ್ಲ. ತಿಂದ ಪೆಟ್ಟನ್ನು ಎರಡು ಪಟ್ಟು ಮಾಡಿ ತಿರುಗಿಸುವುದೇ ಅದರ ಮುಖ್ಯ ವಿದ್ಯೆ. ಆದರೆ ರೂಬಿ ಮತ್ತು ಸಫೈರ್ ಆಟಗಳಲ್ಲಿ ಅದಕ್ಕೆ ಶ್ಯಾಡೋ ಟ್ಯಾಗ್ ಎಂಬ ಗುಣ ಸಿಕ್ಕಿತು. ಎದುರು ನಿಂತ ಪೋಕೆಮಾನ್ ಹಿಂದಕ್ಕೆ ಹೋಗುವಂತಿಲ್ಲ. ಎರಡೂ ಕಡೆ ವಾಬಫೆಟ್ ಇದ್ದು, ಎರಡರ ಕೈಯಲ್ಲೂ ಪ್ರತಿ ಸರದಿ ಚೂರುಚೂರು ಎಚ್‌ಪಿ ಮರಳಿಸುವ ಲೆಫ್ಟ್‌ಓವರ್ಸ್ ಇದ್ದರೆ ಆ ಪಂದ್ಯಕ್ಕೆ ಕೊನೆಯೇ ಇರಲಿಲ್ಲ. ಮುಂದಿನ ಪೀಳಿಗೆಯ ಆಟಗಳಲ್ಲಿ ಎರಡು ಬದಲಾವಣೆ ಬಂದವು. ಶ್ಯಾಡೋ ಟ್ಯಾಗ್ ಇದ್ದವು ಒಂದನ್ನೊಂದು ಹಿಡಿದಿಡುವಂತಿಲ್ಲ; ಅಸ್ತ್ರಗಳೆಲ್ಲ ಬರಿದಾದ ಮೇಲೆ ಮಾಡುವ ಕೊನೆಯ ಒದ್ದಾಟಕ್ಕೆ ಒದ್ದಾಡಿದವನದೇ ಕಾಲು ಭಾಗ ಎಚ್‌ಪಿ ಹೋಗುತ್ತದೆ.

ಇನ್ನೊಂದು ಉದಾಹರಣೆ ಇದಕ್ಕಿಂತ ಕೆಟ್ಟದ್ದು. ಬ್ಲ್ಯಾಕ್ ಮತ್ತು ವೈಟ್ ಪೀಳಿಗೆಯಲ್ಲಿ ಕೆಲವರು ಸ್ಲೋಬ್ರೊ ಎಂಬ ಪೋಕೆಮಾನ್‌ಗೆ ನಾಲ್ಕು ವಿದ್ಯೆ ಕಲಿಸಿದರು. ಒಂದು ಎದುರಾಳಿ ಹಿಂದೆ ಸರಿಯದಂತೆ ಹಿಡಿಯುತ್ತದೆ. ಒಂದು ತನ್ನ ಗಾಯ ಮಾಯಿಸುತ್ತದೆ. ಒಂದು, ತಿಂದು ಮುಗಿಸಿದ ಲೆಪ್ಪಾ ಹಣ್ಣನ್ನು ಮತ್ತೆ ಹುಟ್ಟಿಸಿ ತನ್ನ ಅಸ್ತ್ರಗಳು ಎಂದೂ ಬರಿದಾಗದಂತೆ ನೋಡಿಕೊಳ್ಳುತ್ತದೆ. ನಾಲ್ಕನೆಯದು ಹೀಲ್ ಪಲ್ಸ್: ಎದುರಾಳಿಯ ಗಾಯವನ್ನೇ ವಾಸಿಮಾಡುವುದು. ಒದ್ದಾಡಿ ಒದ್ದಾಡಿ ತಾನೇ ಬಿದ್ದು ಬಿಡುಗಡೆ ಪಡೆಯಬಹುದಾಗಿದ್ದ ಶತ್ರುವನ್ನು ಮತ್ತೆ ಮತ್ತೆ ಬದುಕಿಸುವುದು. ಆರನ್ನು ಕೆಡವುವುದು ಇಲ್ಲಿ ಉದ್ದೇಶವೇ ಅಲ್ಲ. ಎದುರಿನ ಮನುಷ್ಯ ರೋಸಿಹೋಗಿ ಎದ್ದುಹೋಗಲಿ ಎಂಬುದೇ ಉದ್ದೇಶ. 2004ರಿಂದ ಪೈಪೋಟಿಯ ಪೋಕೆಮಾನ್‌ಗೆ ನಿಯಮಗಳನ್ನು ರೂಪಿಸುತ್ತಿರುವ ಸ್ಮೋಗನ್ ಬಳಗ ಕೊನೆಯಿಲ್ಲದ ಪಂದ್ಯವನ್ನು ಬೇಕೆಂದೇ ಹೂಡುವುದನ್ನು ನಿಷೇಧಿಸಿದೆ. ಶ್ಯಾಡೋ ಟ್ಯಾಗ್ ಮೇಲೂ ಹಲವು ಪೀಳಿಗೆಗಳಲ್ಲಿ ನಿಷೇಧ ಹೇರಿದೆ. ಚಾನ್ಸಿಯ ಮೇಲೆ ಅಂಥ ನಿಷೇಧ ಇಲ್ಲ. ಆ ಬಳಗ ಗೆರೆಯನ್ನು ಸರಿಯಾದ ಜಾಗದಲ್ಲೇ ಎಳೆದಿದೆ. ಚಾನ್ಸಿ ಕೇಳುವ ಪ್ರಶ್ನೆಗೆ ಕಣದೊಳಗೇ ಉತ್ತರಗಳಿವೆ: ಒಂದು ಒಳ್ಳೆಯ ಗುದ್ದು, ಕೈಯ ಕಲ್ಲನ್ನು ಕೆಡವುವ ನಾಕ್ ಆಫ್, ಮಾಯಿಸಿಕೊಳ್ಳಲು ಬಿಡದ ಟಾಂಟ್, ಸ್ಪೆಷಲ್ ಬಲದಿಂದ ಹೊರಟು ಫಿಸಿಕಲ್ ರಕ್ಷಣೆಗೆ ತಾಕುವ ಸೈಶಾಕ್. ಆ ಸ್ಲೋಬ್ರೊಗೆ ಸಿಕ್ಕಿಬಿದ್ದ ಮೇಲೆ ಇರುವ ಉತ್ತರ ಒಂದೇ, ಪಂದ್ಯ ಬಿಟ್ಟು ಏಳುವುದು.

ಆದರೂ ದೂರಿನಲ್ಲಿ ಒಂದು ತುಣುಕು ಸತ್ಯ ಉಳಿಯುತ್ತದೆ. ಗೋಡೆಯವನು ಎದುರಾಳಿಯ ಹೊತ್ತನ್ನು ಕೇಳದೆಯೇ ತೆಗೆದುಕೊಳ್ಳುತ್ತಾನೆ. ಹತ್ತು ನಿಮಿಷ ಎಂದುಕೊಂಡು ಕೂತವನಿಗೆ ಅದು ನಲವತ್ತಾದರೆ ಸಿಟ್ಟು ಬರುವುದು ಸಹಜ. ಈ ಸಿಟ್ಟಿಗೆ ಬೇರೆ ಆಟಗಳು ಮದ್ದು ಹುಡುಕಿಕೊಂಡಿವೆ. 1950ರ ನವೆಂಬರ್ 22ರಂದು ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಫೋರ್ಟ್ ವೇಯ್ನ್ ಪಿಸ್ಟನ್ಸ್ ತಂಡ ಚೆಂಡನ್ನು ಬಿಡದೆ ಹಿಡಿದು ಹೊತ್ತು ಕಳೆದು ಮಿನಿಯಾಪೊಲಿಸ್ ಲೇಕರ್ಸ್ ತಂಡವನ್ನು 19-18ರಿಂದ ಸೋಲಿಸಿತು. 1954ರಲ್ಲಿ, ಚೆಂಡನ್ನು ಬುಟ್ಟಿಯತ್ತ ಎಸೆಯಲು 24 ಸೆಕೆಂಡಿನ ಗಡಿಯಾರ ಬಂತು. ಪ್ರೊ ಕಬಡ್ಡಿಯಲ್ಲಿ ಎರಡು ರೈಡ್ ಬರಿಗೈಯಲ್ಲಿ ಮುಗಿದರೆ ಮೂರನೆಯದು ‘ಡೂ ಆರ್ ಡೈ’. ಅಂಕ ತರದೆ ಮರಳಿದವನು ಔಟ್. ಎರಡೂ ಕಡೆ ಮಾಡಿದ್ದು ಹೊತ್ತಿಗೆ ಮಿತಿ ಹಾಕುವ ಕೆಲಸ. ರಕ್ಷಿಸಿಕೊಳ್ಳುವವನು ಆಟಗಾರನೇ ಅಲ್ಲ ಎಂಬ ತೀರ್ಪನ್ನು ಯಾರೂ ಕೊಡಲಿಲ್ಲ. ಹೊತ್ತಿನ ಪ್ರಶ್ನೆಯನ್ನು ನಿಯಮ ಬಗೆಹರಿಸಬೇಕು. ಆಟಗಾರನ ಮಾನದ ಮೇಲೆ ಆ ಭಾರ ಹೊರಿಸುವುದು ಅನ್ಯಾಯ.

ಪೋಕೆಮಾನ್‌ನ ಅಧಿಕೃತ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಸಮಯದ ಮಿತಿ ಇದೆ, ಪಂದ್ಯವೂ ಎರಡೆರಡು ಪೋಕೆಮಾನ್‌ಗಳ ಜೋಡಿ ಕಾಳಗ. ಅಲ್ಲಿ ಸ್ಟಾಲ್ ಎಂದು ಕರೆಯುವ, ಬರೀ ಗೋಡೆಗಳ ತಂಡ ಬೇರೂರುವುದು ಕಷ್ಟ, ತಡೆಯುವ ಪ್ರಾಣಿಗೆ ಮಾತ್ರ ಕೆಲಸ ತಪ್ಪಿಲ್ಲ. 2014ರಲ್ಲಿ ವಾಷಿಂಗ್ಟನ್ ಡಿಸಿಯಲ್ಲಿ ದಕ್ಷಿಣ ಕೊರಿಯಾದ ಸೆಜುನ್ ಪಾರ್ಕ್ ಗೆದ್ದಾಗ ಅವರ ತಂಡದಲ್ಲಿ ಪಚಿರಿಸು ಎಂಬ ಅಳಿಲಿತ್ತು. ಪೈಪೋಟಿಯಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯದಿದ್ದ ಪುಟ್ಟ ಪ್ರಾಣಿ. ಫಾಲೋ ಮೀ ಎಂಬ ವಿದ್ಯೆಯಿಂದ ಅದು ಎದುರಾಳಿಗಳ ಹೊಡೆತವನ್ನು ತನ್ನತ್ತ ಸೆಳೆದುಕೊಳ್ಳುತ್ತಿತ್ತು. ಮಿಂಚು ತಗುಲಿದರೆ ವೋಲ್ಟ್ ಅಬ್ಸಾರ್ಬ್ ಗುಣದಿಂದ ಅದರ ಎಚ್‌ಪಿ ಏರುತ್ತಿತ್ತು. ಪಕ್ಕದಲ್ಲಿದ್ದ ಗ್ಯಾರಡೋಸ್‌ಗೆ ಮಿಂಚೇ ದೊಡ್ಡ ಗಂಡಾಂತರ. ಅಳಿಲು ಆ ಗಂಡಾಂತರವನ್ನು ಹೊರುವಷ್ಟು ಹೊತ್ತು ದೈತ್ಯ ನಿಶ್ಚಿಂತೆಯಿಂದ ಹೊಡೆಯಬಹುದಿತ್ತು. ಗೆದ್ದದ್ದು ಗ್ಯಾರಡೋಸ್‌ನ ಹೊಡೆತವೋ, ಪಚಿರಿಸು ತಿಂದ ಪೆಟ್ಟೋ ಎಂದು ಬಿಡಿಸಿ ಹೇಳಲು ಬರುವುದಿಲ್ಲ. ಆಟ ಕಂಡವರ ನೆನಪಿನಲ್ಲಿ ಉಳಿದದ್ದು ಅಳಿಲಿನ ಹೆಸರು.

2022ರ ನವೆಂಬರಿನಲ್ಲಿ ಬಂದ ಸ್ಕಾರ್ಲೆಟ್ ಮತ್ತು ವೈಲೆಟ್ ಆಟಗಳು ಗೋಡೆಗಳ ಬುಡಕ್ಕೇ ಕೈ ಹಾಕಿದವು. ಗಾಯ ಮಾಯಿಸುವ ಮುಖ್ಯ ವಿದ್ಯೆಗಳ ಬಳಕೆ 16ರಿಂದ 8ಕ್ಕೆ ಇಳಿಯಿತು. ಹೆಚ್ಚುಕಡಿಮೆ ಎಲ್ಲರೂ ಕಲಿಯಬಹುದಾಗಿದ್ದ ಟಾಕ್ಸಿಕ್ ಕೆಲವೇ ಪೋಕೆಮಾನ್‌ಗಳ ಪಾಲಾಯಿತು. ಪಂದ್ಯ ಚಿಕ್ಕದಾಗಲಿ ಎಂದು ಮಿತಿ ಹಾಕುವುದರಲ್ಲಿ ತಪ್ಪಿಲ್ಲ. ಆ ದೃಷ್ಟಿಯಿಂದ ಮೊದಲನೆಯ ಬದಲಾವಣೆ ಒಪ್ಪತಕ್ಕದ್ದೇ. ಎರಡನೆಯದು ಹಾಗಲ್ಲ. ಟಾಕ್ಸಿಕ್ ಇಲ್ಲದ ಗೋಡೆಗೆ ಪಂದ್ಯ ಮುಗಿಸುವ ಸಾಧನವೇ ಇಲ್ಲದಂತಾಗಿ, ಬರೀ ನಿಲ್ಲುವುದೇ ಅದರ ಪಾಡಾಗುತ್ತದೆ. ಅದೇ ಆಟಗಳು ಗಾರ್ಗನಾಕಲ್ ಎಂಬ ಉಪ್ಪಿನ ದೈತ್ಯನನ್ನು ತಂದು ಈ ಕೊರತೆಯನ್ನು ಒಂದಿಷ್ಟು ತುಂಬಿದವು. ಅದರ ಸಾಲ್ಟ್ ಕ್ಯೂರ್ ತಗುಲಿದವನ ಎಚ್‌ಪಿ ಪ್ರತಿ ಸರದಿ ಎಂಟರಲ್ಲಿ ಒಂದು ಪಾಲು ಕರಗುತ್ತದೆ, ನೀರಿನ ಅಥವಾ ಉಕ್ಕಿನ ಜಾತಿಯವನಾದರೆ ಕಾಲು ಭಾಗ. ಹಿಂದಕ್ಕೆ ಕರೆದುಕೊಂಡರೆ ಉಪ್ಪು ಬಿಟ್ಟುಹೋಗುತ್ತದೆ. ಯಾರನ್ನು ಯಾವಾಗ ಕರೆದುಕೊಳ್ಳಬೇಕು, ಅವನ ಜಾಗಕ್ಕೆ ಯಾರನ್ನು ಇಳಿಸಬೇಕು ಎಂಬ ಲೆಕ್ಕ ಎದುರಾಳಿಗೆ ಆ ಸರದಿಯಿಂದಲೇ ಶುರುವಾಗುತ್ತದೆ.