ಹೊಸ್ತಿಲಿಗೊಂದು ಕಾವಲು

ನಮ್ಮ ಅತ್ತೆಯವರು ಹೊಸ್ತಿಲನ್ನು ತುಳಿಯುವವರಲ್ಲ, ದಾಟುವವರು. ಎಂಬತ್ತೊಂದು ವರ್ಷವಾಯಿತು, ಮಂಡಿ ನೋಯುತ್ತದೆ, ಆದರೂ ಗೋಡೆ ಹಿಡಿದು ಕಾಲೆತ್ತಿ ಆಚೆಗಿಡುತ್ತಾರೆಯೇ ಹೊರತು ಹೊಸ್ತಿಲ ಮೇಲೆ ಪಾದ ಊರುವುದಿಲ್ಲ. ಅಂಥವರು ಹೋದ ವರ್ಷದ ಆಷಾಢದಲ್ಲಿ ಗಾಡಿಯ ಹೊಸ್ತಿಲು ದಾಟಲಾಗದೆ ಅರ್ಧ ಗಂಟೆ ಹಳ್ಳದ ನಡುವೆ ಕೂತಿದ್ದರು.

ಗಾಡಿಗೂ ಹೊಸ್ತಿಲೇ ಎಂದು ನಗಬೇಡಿ. ಇದೆ. ಬಾಗಿಲು ತೆಗೆದಾಗ ಅಡಿಯಲ್ಲಿ ಉದ್ದಕ್ಕೆ ಕಾಣುವ ಪಟ್ಟಿಯೇ ಅದು. ನೋಡಲು ತೊಲೆಯಂತೆ ಗಟ್ಟಿ, ಒಳಗೆ ಟೊಳ್ಳು. ತಗಡನ್ನು ಮಡಿಚಿ ಬೆಸೆದದ್ದು. ಅದು ಒಂದು ಬೆರಳಿನಷ್ಟು ಮೇಲಕ್ಕೆ ನೆಗ್ಗಿದರೂ ಮೇಲಿನ ಬಾಗಿಲು ಸಿಕ್ಕಿಹಾಕಿಕೊಳ್ಳುತ್ತದೆ. ಇದು ನನಗೆ ಗೊತ್ತಾದದ್ದು ಅವತ್ತೇ.

ಸಕಲೇಶಪುರದಿಂದಾಚೆ ನಮ್ಮದೊಂದಿಷ್ಟು ಕಾಫಿ ತೋಟ. ನಾವಿರುವುದು ಹಾಸನದಲ್ಲಿ. ಅತ್ತೆ ಮಾತ್ರ ಊರು ಬಿಟ್ಟು ಬಂದವರಲ್ಲ. ಬಚ್ಚಲಲ್ಲಿ ಜಾರಿ ಬಲಗೈ ಮಣಿಕಟ್ಟು ಮುರಿದುಕೊಂಡರು ಎಂದು ಸುದ್ದಿ ಬಂದಾಗ ಮಳೆ ಹೊಯ್ಯುತ್ತಿತ್ತು. ಕರೆದುಕೊಂಡು ಹೊರಟೆವು. ತೋಟದ ದಾರಿಗೆ ಅಡ್ಡವಾಗಿ ಒಂದು ಹಳ್ಳ, ಹಳ್ಳದಲ್ಲೊಂದು ಕಲ್ಲು. ಹಿಂದಿನ ಚಕ್ರ ಜಾರಿತು, ಗಾಡಿ ಎಡಕ್ಕೆ ವಾಲಿ ಎಮ್ಮೆ ಕೂತ ಹಾಗೆ ಆ ಕಲ್ಲಿನ ಮೇಲೆ ಕೂತಿತು. ಅತ್ತೆ ಕೂತದ್ದೂ ಎಡಕ್ಕೇ. ಬಾಗಿಲು ಜಪ್ಪಯ್ಯ ಎಂದರೂ ತೆರೆಯಲಿಲ್ಲ. ಸೀಟಿನ ಮೇಲೆ ಈಚೆಗೆ ಸರಿಯೋಣವೆಂದರೆ ಊರುವುದಕ್ಕೆ ಬೇಕಾದ ಕೈಯೇ ಮುರಿದಿದೆ.

ಕಳೆ ತೆಗೆದು ಲೈನಿಗೆ ಹಿಂದಿರುಗುತ್ತಿದ್ದ ಆರು ಜನ ಹೆಂಗಸರು ನೀರಿಗಿಳಿದು ಬಂದರು. ಬಲಗಡೆಯ ಬಾಗಿಲಿನಿಂದ ಅತ್ತೆಯನ್ನು ಮೆಲ್ಲಗೆ ಎಳೆದುಕೊಂಡು, ಇಬ್ಬರು ಕೈಗೆ ಕೈ ಹೆಣೆದು ಕುರ್ಚಿ ಮಾಡಿ ದಡ ಸೇರಿಸಿದರು. ಉಳಿದವರು ಚಕ್ರದಡಿಗೆ ಕಲ್ಲು ಜೋಡಿಸಿ ಗಾಡಿಗೆ ಹೆಗಲು ಕೊಟ್ಟರು. ಕೈ ಕೂಡಿತು, ತಗಡನ್ನೂ ತಟ್ಟಿ ನೆಟ್ಟಗೆ ಮಾಡಿಸಿದ್ದಾಯಿತು. ಆಗ ಶುರುವಾದದ್ದು ರಾಕ್ ರೇಲ್ ಪುರಾಣ.

ರಾಕ್ ರೇಲ್ ಎಂದರೆ ಈ ಹೊಸ್ತಿಲಿನ ಕೆಳಗೆ ಎರಡೂ ಬದಿಗೆ ಕಟ್ಟುವ ಕಬ್ಬಿಣದ ದಪ್ಪ ಕೊಳವೆ. ಕಲ್ಲು ಸಿಕ್ಕರೆ ಗಾಡಿ ಅದರ ಮೇಲೆ ಜಾರಿಕೊಂಡು ದಾಟಬೇಕು. ಬೆಂಗಳೂರಿನ ಮಗ ಫೋನಿನಲ್ಲೇ ಪಾಠ ಹೇಳಿದ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ರೂಬಿಕಾನ್ ಎಂಬ ಕಲ್ಲುಹಾದಿಯಿದೆಯಂತೆ. 2003ರಲ್ಲಿ ಜೀಪ್ ಕಂಪನಿ ಅದರ ಹೆಸರಿನಲ್ಲೇ ಒಂದು ಮಾದರಿ ತಂದಿತಂತೆ. ಈಗ ಅದಕ್ಕೆ ಕಾರ್ಖಾನೆಯಲ್ಲೇ ರಾಕ್ ರೇಲ್ ಕೂರಿಸಿ ಕೊಡುತ್ತಾರಂತೆ. ಅಲ್ಲಿಯವರು ರಜೆ ಹಾಕಿ, ಬುತ್ತಿ ಕಟ್ಟಿಕೊಂಡು ಕಲ್ಲು ಹುಡುಕಿಕೊಂಡು ಹೋಗುತ್ತಾರೆ. ನಮ್ಮನ್ನು ಕಲ್ಲೇ ಹುಡುಕಿಕೊಂಡು ಬರುತ್ತದೆ.

ನಮ್ಮ ಗಾಡಿಯ ಕಂಪನಿಯ ಬಿಡಿಭಾಗಗಳ ಪಟ್ಟಿಯಲ್ಲೂ ಅಂಥದೊಂದು ಇತ್ತು. ಮಗನದು ಅದೇ ಹಟ. ಅಳತೆ ಕರಾರುವಾಕ್ಕು, ಬಣ್ಣ ಕೆಡದು, ವಾರಂಟಿಗೆ ಮೋಸವಿಲ್ಲ. ನಮ್ಮವರದು ಗ್ಯಾರೇಜಿನವನ ಕೈಕೆಲಸವೇ ಆಗಬೇಕೆಂಬ ಹಟ. ಈ ವಾದದ ನಡುವೆ ನಾನೂ ಬಗ್ಗಿ ಗಾಡಿಯ ಅಡಿ ನೋಡಿದೆ. ಇಂಥ ಗಾಡಿಗಳಿಗೆ ಕೆಳಗೊಂದು ಏಣಿಯಂಥ ಉಕ್ಕಿನ ಚೌಕಟ್ಟು, ಅದೇ ಷಾಸಿ. ಬಾಡಿ ಎನ್ನುವುದು ಅದರ ಮೇಲೆ ರಬ್ಬರಿನ ಬಿಲ್ಲೆಗಳನ್ನಿಟ್ಟು ಕೂರಿಸಿದ್ದು. ಷಾಸಿ ಎಲುಬು, ಬಾಡಿ ಉಟ್ಟ ಸೀರೆ ಅನ್ನಿ. ಕಂಪನಿಯ ಕೊಳವೆಯ ಹಿಡಿಕೆಗಳು ನಿಂತದ್ದು ಸೀರೆಗೆ, ಎಂದರೆ ಅದೇ ಟೊಳ್ಳು ಹೊಸ್ತಿಲಿನ ಅಂಚಿಗೆ. ಗೀರು ತಪ್ಪಿಸುತ್ತದೆ, ಸಣ್ಣ ಪೆಟ್ಟು ತಡೆಯುತ್ತದೆ. ಗಾಡಿಯ ಭಾರವೇ ಬಿದ್ದರೆ, ಯಾರನ್ನು ಕಾಯಬೇಕೋ ಅವರ ಹೆಗಲಿಗೇ ಹೊರೆ. ಗ್ಯಾರೇಜಿನವನದು ಷಾಸಿಗೆ ಕೂರುತ್ತದೆ. ಅವನು ಹೇಳಿದ ಪರೀಕ್ಷೆ ಸರಳ: ಕೊಳವೆಗೆ ಜಾಕ್ ಕೊಟ್ಟು ಗಾಡಿಯ ಆ ಮಗ್ಗುಲನ್ನೇ ಎತ್ತಿ ನೋಡಿ, ಎದ್ದರೆ ಅದು ಕಾವಲು, ಬಾಗಿದರೆ ಅಲಂಕಾರ.

ಹಾಗೆಂದು ಗ್ಯಾರೇಜಿನದು ಸರ್ವಗುಣಸಂಪನ್ನವಲ್ಲ. ಎರಡೂ ಸೇರಿ ನಲವತ್ತೆಂಟು ಕಿಲೋ; ಇಳಿಯದ ಒಬ್ಬ ನೆಂಟನನ್ನು ಸದಾ ಕೂರಿಸಿಕೊಂಡು ತಿರುಗಿದ ಹಾಗೆ. ಸಂದಿನಲ್ಲಿ ಕೆಸರು ನಿಲ್ಲುತ್ತದೆ, ಮಲೆನಾಡಿನ ಮಳೆಗೆ ತುಕ್ಕು ಬಾಗಿಲಲ್ಲೇ ಕಾದಿರುತ್ತದೆ. ಷಾಸಿಗೆ ಬೆಸುಗೆ ಹಾಕಿಸಿದರೆ ಬಿಚ್ಚುವಂತಿಲ್ಲ, ಬೋಲ್ಟು ಹಾಕಿಸಿದರೆ ಆಗಾಗ ಬಿಗಿಸಬೇಕು. ಮೇಲಾಗಿ ಕಾನೂನು. 2017ರ ಡಿಸೆಂಬರಿನಲ್ಲಿ ಕೇಂದ್ರದ ಸಾರಿಗೆ ಸಚಿವಾಲಯ, ವಾಹನಗಳ ಮೂತಿಗೆ ಕಟ್ಟುವ ಕಬ್ಬಿಣದ ಗಾರ್ಡುಗಳ ಮೇಲೆ ಕ್ರಮ ಕೈಗೊಳ್ಳಿ ಎಂದು ರಾಜ್ಯಗಳಿಗೆ ಬರೆಯಿತು. ಒಳಗಿನವರನ್ನು ಕಾಯಲೆಂದು ಕಟ್ಟಿದ್ದು ದಾರಿಹೋಕರ ಮೂಳೆ ಮುರಿಯುತ್ತಿತ್ತು. ತಯಾರಕರು ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸಕೂಡದೆಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಹೇಳಿತು. ಇದಕ್ಕೆ ನಾನು ಹಿಡಿದ ಪಟ್ಟು ಎರಡೇ. ಏನನ್ನೂ ಕೊರೆಯದೆ, ಬೆಸೆಯದೆ ಇರುವ ತೂತುಗಳಿಗೇ ಬೋಲ್ಟು ಹಾಕಬೇಕು. ಕೊಳವೆ ಗಾಡಿಯ ಮೈಯಿಂದ ಆಚೆಗೆ ಚಾಚಿರಬಾರದು. ನಮ್ಮ ದಾರಿ ಸಪೂರ. ಬದಿಯಲ್ಲಿ ನಡೆಯುವವರ ಮೊಣಕಾಲು ಸರಿಯಾಗಿ ಅದೇ ಎತ್ತರಕ್ಕಿರುತ್ತದೆ.

ಕಾರ್ತಿಕದಲ್ಲಿ ಗ್ಯಾರೇಜಿನದನ್ನೇ ಹಾಕಿಸಿದ್ದಾಯಿತು, ಮೂವತ್ತೆರಡು ಸಾವಿರಕ್ಕೆ. ಅತ್ತೆ ಕನ್ನಡಕ ಏರಿಸಿ ನೋಡಿ, "ಇದು ಹೊಸ್ತಿಲೋ ಮೆಟ್ಟಿಲೋ?" ಎಂದರು. ಮೆಟ್ಟಿಲು ಎಂದರು ನಮ್ಮವರು. ಅಂತೂ ಅದರ ಮೇಲೆ ಪಾದ ಬಿತ್ತು.

ಇಷ್ಟಕ್ಕೇ ನಿಲ್ಲಿಸಿದ್ದರೆ ಗ್ಯಾರೇಜಿನವನ ಜಾಹೀರಾತು ಬರೆದಂತಾಗುತ್ತಿತ್ತು. ಕಳೆದ ಜೂನಿನಿಂದ ನನ್ನನ್ನು ಕೊರೆಯುತ್ತಿರುವುದೇ ಬೇರೆ. ಮೊದಲು ನಮ್ಮವರು ಹಳ್ಳದ ಬಳಿ ಗಾಡಿ ನಿಲ್ಲಿಸಿ, ಪ್ಯಾಂಟು ಮಡಿಚಿ ಇಳಿದು ನೀರು ನೋಡುತ್ತಿದ್ದರು. ದಾರಿಯಲ್ಲಿ ಸಿಕ್ಕವರನ್ನು "ನಿನ್ನೆ ಎಷ್ಟಿತ್ತು?" ಎಂದು ಕೇಳುತ್ತಿದ್ದರು. ಈಗ ನಿಲ್ಲಿಸುವುದಿಲ್ಲ. ಅಡಿಯಲ್ಲಿ ಕರ್ರ್ ಎಂದು ಸದ್ದಾಗುತ್ತದೆ, ಅವರ ಮುಖದಲ್ಲಿ ಒಂದು ತೃಪ್ತಿ ಮೂಡುತ್ತದೆ, ದಾಟಿರುತ್ತೇವೆ. ವಾಹನಕ್ಕೆ ರಕ್ಷಣೆ ಹೆಚ್ಚಿದಷ್ಟೂ ಓಡಿಸುವವರ ಭಂಡಧೈರ್ಯ ಹೆಚ್ಚುತ್ತದೆಂದು ಸ್ಯಾಮ್ ಪೆಲ್ಟ್ಜ್‌ಮನ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞ 1975ರಲ್ಲೇ ವಾದಿಸಿದ್ದ. ಒಪ್ಪದವರೂ ಬಹಳ ಮಂದಿ. ನನ್ನ ತಕರಾರು ಧೈರ್ಯದ್ದಲ್ಲ. ಆ ಕಲ್ಲು ನಮಗೆ ನೋಯುವುದು ನಿಂತುಹೋಯಿತಲ್ಲ, ಅದರದ್ದು. ಲೈನಿನ ಹೆಂಗಸರಿಗೆ, ಶಾಲೆಗೆ ಹೋಗುವ ಅವರ ಮಕ್ಕಳಿಗೆ ಅದು ಹೋದ ವರ್ಷ ಎಷ್ಟು ಜಾರುತ್ತಿತ್ತೋ ಈ ವರ್ಷವೂ ಅಷ್ಟೇ ಜಾರುತ್ತದೆ.

ರೇಲಿನ ದುಡ್ಡಿನಲ್ಲಿ ಒಂದು ಪಾಲು ಕೊಟ್ಟಿದ್ದರೆ ಜೆಸಿಬಿ ಬಂದು ಕಲ್ಲು ಸರಿಸುತ್ತಿತ್ತಲ್ಲ ಎಂದೆ. "ಮುಂದಿನ ನೆರೆ ಇನ್ನೊಂದನ್ನು ತಂದಿಡುತ್ತೆ. ಊರಿನ ಕಲ್ಲನ್ನೆಲ್ಲ ಸರಿಸುತ್ತಾ ಕೂರೋದಕ್ಕೆ ನಾನೇನು ಭೀಮನಾ? ಅಮ್ಮನಿಗೆ ರಾತ್ರಿ ಏನಾದರೂ ಆದರೆ ಗಾಡಿ ದಾಟಬೇಕು, ಅಷ್ಟೆ," ಎಂದರು. ಸುಳ್ಳಲ್ಲ. ಮುರಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ತುಟಿ ಕಚ್ಚಿ ಕೂತಿದ್ದ ಅತ್ತೆಯ ಮುಖ ನೆನೆದರೆ ನಾನೇ ಇನ್ನೊಂದು ಜೊತೆ ರೇಲು ಹಾಕಿಸಿಯೇನು. ನಮ್ಮ ಬಾಗಿಲು ತೆರೆಯುವಂತೆ ನೋಡಿಕೊಳ್ಳುವುದು ತಪ್ಪೇ? ತಪ್ಪಲ್ಲ. ಆದರೆ ನಮ್ಮದೊಂದು ತೆರೆದುಕೊಂಡ ಮೇಲೆ ದಾರಿಯ ವಿಚಾರ ಬಾಯಿಗೆ ಬರುವುದೇ ಇಲ್ಲವಲ್ಲ, ಇದನ್ನು ಏನೆಂದು ಕರೆಯಬೇಕು? ಬೇಕೆಂದೇ ಮಾಡಿದ ಕೇಡಾಗಿದ್ದರೆ ಬೈದಾದರೂ ಬಿಡಬಹುದಿತ್ತು.

ಹೋದ ವಾರ ಹಳ್ಳ ದಾಟುವಾಗ ದಡದಲ್ಲಿ ಇಬ್ಬರು ನಿಂತಿದ್ದರು. ನಮಗೆ ದಾರಿ ಬಿಟ್ಟು ನಿಂತದ್ದು. ಅವರಲ್ಲೊಬ್ಬಳು ಅತ್ತೆಗೆ ಕೈಕುರ್ಚಿ ಮಾಡಿದವಳು. ಗಾಜು ಇಳಿಸಿ, "ಬರ್ತೀಯೇನೇ?" ಎಂದೆ. ಪಾದ ತೋರಿಸಿ, "ಕೆಸರು ಅಮ್ಮಾ, ಗಾಡಿ ಹಾಳಾಗ್ತದೆ, ನೀವು ಹೋಗಿ," ಎಂದಳು. ಹಾಳಾಗದ ಹಾಗೆ ಮಾಡಿಸಿದ್ದೇವೆ ಎಂದು ಹೇಳಲು ನನಗೆ ನಾಲಿಗೆ ಬರಲಿಲ್ಲ.

ಮುಖ ಒರೆಸಿಕೊಳ್ಳಲು ಬಟ್ಟೆ ಹುಡುಕುತ್ತಾ ಸೀಟಿನ ಮುಂದಿನ ಡಬ್ಬಿ ತೆಗೆದೆ. ತಳದಲ್ಲೊಂದು ಲಕೋಟೆ. ಹಳ್ಳಕ್ಕೊಂದು ಮೋರಿ ಕಟ್ಟಿಸಿಕೊಡಿ ಎಂದು ಹೋದ ಶ್ರಾವಣದಲ್ಲಿ ನಾನೇ ಬರೆದ ಅರ್ಜಿ. ಕೆಳಗೆ ನಾಲ್ಕು ಮನೆಯವರ ಸಹಿ, ಲೈನಿನವರ ಏಳು ಹೆಬ್ಬೆಟ್ಟು. ರೇಲು ಹಾಕಿಸುವ ಗಡಿಬಿಡಿಯಲ್ಲಿ ಅದು ಅಲ್ಲೇ ಉಳಿದಿತ್ತು. ಥಂಡಿಗೆ ಕಾಗದ ಮೆತ್ತಗಾಗಿ ಹೆಬ್ಬೆಟ್ಟಿನ ಶಾಯಿ ಹರಡಿತ್ತು.

"ಪಂಚಾಯಿತಿ ಹತ್ತಿರ ನಿಲ್ಲಿಸಿ," ಎಂದೆ. ಅವರು ಲಕೋಟೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಮಾತಾಡದೆ ನಿಲ್ಲಿಸಿದರು. ಇಳಿದು ಹೋದರೆ ಬೀಗ. ಅಂದು ಎರಡನೇ ಶನಿವಾರ.