ಅಲುಗಾಡುವ ಹಿಡಿ, ಮುಂದೂಡುವ ಕೈ

ಕಪಾಟಿನ ಹಿಡಿ ಒಂದೇ ದಿನಕ್ಕೆ ಕಿತ್ತು ಬರುವುದಿಲ್ಲ. ಮೊದಲು ಸ್ಕ್ರೂ ಕಾಲು ಸುತ್ತಿನಷ್ಟು ಸಡಿಲವಾಗುತ್ತದೆ. ಆಗ ಬಿಗಿಯಲು ಅರ್ಧ ನಿಮಿಷ ಸಾಕು. ಯಾರೂ ಬಿಗಿಯದಿದ್ದರೆ, ಎಳೆದಾಗಲೆಲ್ಲ ಹಿಡಿ ಓಲಾಡಿ, ಸ್ಕ್ರೂ ತನ್ನ ಸುತ್ತಲಿನ ಮರದ ನಾರನ್ನು ಉಜ್ಜಿ ಪುಡಿ ಮಾಡುತ್ತದೆ. ತೂತು ದೊಡ್ಡದಾದ ಮೇಲೆ ಎಷ್ಟು ತಿರುಗಿಸಿದರೂ ಸ್ಕ್ರೂ ಗಿರಗಿರನೆ ಸುತ್ತುತ್ತದೆಯೇ ಹೊರತು ಕಚ್ಚಿಕೊಳ್ಳುವುದಿಲ್ಲ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಳ್ಳುವ ಪರಿಸ್ಥಿತಿ ಬರುವುದು ಹೀಗೆ.

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಚನ್ನಪಟ್ಟಣ ಮತ್ತು ಮದ್ದೂರಿನ ನಡುವೆ ಇರುವ ನಿಡಘಟ್ಟದಂಥ ಊರುಗಳಲ್ಲಿ ಹಳೆಯ ಮರದ ಬಾಗಿಲಿನ ಗೂಡೂ ಉಂಟು, ಹೊಸ ಪ್ಲೈವುಡ್ ಕಬೋರ್ಡೂ ಉಂಟು. ಎರಡರಲ್ಲೂ ಹಿಡಿ ಸಡಿಲವಾದರೆ ಮನೆಯಲ್ಲಿ ಕೇಳಿಬರುವ ಮಾತು ಒಂದೇ: ‘ಆಚಾರಿ ಬಂದಾಗ ನೋಡೋಣ.’ ಬಾಗಿಲು, ಮಂಚ, ಚಾವಣಿಯ ಕೆಲಸ ಹಿಡಿದಿರುವ ಆಚಾರಿ ಒಂದು ಹಿಡಿಗಾಗಿ ಬರುವುದು ಕಷ್ಟ. ಬೇಕಾದದ್ದೆಲ್ಲ ಮನೆಯಲ್ಲೇ ಇರುವಾಗ ಅವರನ್ನು ಕಾಯುವುದೂ ಸರಿಯಲ್ಲ.

ಕೈ ಹಾಕುವ ಮೊದಲು ಸ್ಕ್ರೂ ಯಾವ ಬಗೆಯದು ಎಂದು ನೋಡಬೇಕು. ಹೊಸ ಕಬೋರ್ಡುಗಳಲ್ಲಿ ಹೆಚ್ಚಾಗಿ ಸ್ಕ್ರೂ ಬಾಗಿಲಿನ ಒಳಬದಿಯಿಂದ ಬಂದು ಹಿಡಿಯೊಳಗಿನ ಥ್ರೆಡ್ಡಿಗೆ ಸೇರುತ್ತದೆ. ಬಾಗಿಲು ತೆರೆದು, ಹಿಡಿ ತಿರುಗದಂತೆ ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಬಿಗಿಯಬೇಕು. ಬಿಗಿದ ಮೇಲೂ ಹಿಡಿ ಅಲುಗಿದರೆ ಸ್ಕ್ರೂ ಉದ್ದವಾಗಿದೆ ಎಂದು ಅರ್ಥ: ಅದರ ತುದಿ ಹಿಡಿಯ ತಳ ಮುಟ್ಟಿ ನಿಂತಿದೆ, ಆದರೆ ಅದರ ತಲೆ ಇನ್ನೂ ಬಾಗಿಲನ್ನು ಒತ್ತುತ್ತಿಲ್ಲ. ಒಂದು ವಾಷರ್ ಹಾಕಿದರೆ ಸರಿಹೋಗುತ್ತದೆ. ವಾಷರ್ ಇಲ್ಲದಿದ್ದರೆ ಹಳೆಯ ಸೈಕಲ್ ಟ್ಯೂಬಿನಿಂದ ಕತ್ತರಿಸಿದ ಸಣ್ಣ ಬಿಲ್ಲೆಯೂ ಆದೀತು. ಪದೇಪದೇ ಸಡಿಲವಾಗುವ ಸ್ಕ್ರೂಗೆ ಒಂದು ತೊಟ್ಟು ನೇಲ್ ಪಾಲಿಶ್ ಸವರಿ ಬಿಗಿದರೆ, ಒಣಗಿದ ಬಣ್ಣ ಥ್ರೆಡ್ಡನ್ನು ಹಿಡಿದುಕೊಳ್ಳುತ್ತದೆ. ಬೇಕೆಂದಾಗ ಬಿಚ್ಚಲೂ ಬರುತ್ತದೆ.

ಹೊರಗಿನಿಂದ ನೇರ ಮರಕ್ಕೇ ಕೊರೆದ ಸ್ಕ್ರೂ ಆದರೆ ಕೆಲಸ ಬೇರೆ. ಅಲ್ಲಿ ತೂತನ್ನೇ ತುಂಬಬೇಕು. ತೆಂಗಿನ ಸೀಮೆಯಾದ ಮದ್ದೂರಿನ ಸುತ್ತ ಇದಕ್ಕೆ ಕಡ್ಡಿಪೊರಕೆಗಿಂತ ಒಳ್ಳೆಯ ಸಾಮಾನಿಲ್ಲ. ಗರಿಯ ಕಡ್ಡಿ ಗಟ್ಟಿ, ನಾರು ಉದ್ದ, ಸ್ಕ್ರೂ ಅದನ್ನು ಚೆನ್ನಾಗಿ ಕಚ್ಚುತ್ತದೆ. ಕಡ್ಡಿ ಮಾತ್ರ ಪೂರ್ತಿ ಒಣಗಿರಬೇಕು. ಹಸಿಯಾಗಿದ್ದರೆ ಒಣಗುತ್ತ ಕುಗ್ಗಿ ತೂತು ಮತ್ತೆ ಸಡಿಲವಾಗುತ್ತದೆ. ಪಕ್ಕದ ಚನ್ನಪಟ್ಟಣದ ಬೊಂಬೆ ಕುಶಲಕರ್ಮಿಗಳು ಆಲೆ ಮರವನ್ನು ಚೆನ್ನಾಗಿ ಒಣಗಿಸಿದ ಮೇಲೆಯೇ ಕಡೆಯುವುದಕ್ಕೂ ಮರದ ಈ ಗುಣವೇ ಕಾರಣ. ಎರಡು ಮೂರು ಕಡ್ಡಿಗೆ ಫೆವಿಕಾಲ್ ಹಚ್ಚಿ, ತೂತು ಬಿಗಿಯಾಗಿ ತುಂಬುವಷ್ಟು ತೂರಿಸಿ, ಹೊರಗೆ ಉಳಿದದ್ದನ್ನು ಬಾಗಿಲಿನ ಮಟ್ಟಕ್ಕೆ ಕತ್ತರಿಸಿ, ಒಂದು ಇಡೀ ದಿನ ಬಿಡಬೇಕು. ಆಮೇಲೆ ಸ್ಕ್ರೂ ತುದಿಗೆ ತುಸು ಮೇಣ ಸವರಿ ನಿಧಾನವಾಗಿ ತಿರುಗಿಸಬೇಕು. ಕಡ್ಡಿಪೊರಕೆ ಇಲ್ಲದ ಮನೆಯಲ್ಲಿ ಮದ್ದು ತೆಗೆದ ಬೆಂಕಿಕಡ್ಡಿ ಸಾಕು. ನೀರು ಕುಡಿದು ಉಬ್ಬಿದ ಪಾರ್ಟಿಕಲ್ ಬೋರ್ಡಿಗೆ ಮಾತ್ರ ಈ ಉಪಾಯ ನಡೆಯುವುದಿಲ್ಲ. ಹಿಡಿಯನ್ನು ಬೇರೆ ಜಾಗಕ್ಕೆ ಸರಿಸಬೇಕಾಗುತ್ತದೆ.

ರಿಪೇರಿಯಷ್ಟೇ ಮುಖ್ಯವಾದದ್ದು ಬಳಕೆಯ ರೀತಿ. ಒದ್ದೆ ಟವಲ್ಲನ್ನು ಹಿಡಿಗೆ ನೇತುಹಾಕುವುದು, ಮಗು ಹಿಡಿಗೆ ಜೋತುಬಿದ್ದರೂ ಸುಮ್ಮನಿರುವುದು, ಬಾಗಿಲನ್ನು ಧಡಾರನೆ ಮುಚ್ಚುವುದು ಸ್ಕ್ರೂವನ್ನು ದಿನವೂ ಸ್ವಲ್ಪಸ್ವಲ್ಪ ಸಡಿಲಿಸುತ್ತವೆ. ಮಳೆಗಾಲದಲ್ಲಿ ಮರ ಉಬ್ಬಿ ಬಾಗಿಲು ಬಿಗಿಯಾದಾಗ ಜನ ಹಿಡಿಯನ್ನೇ ಜಗ್ಗುತ್ತಾರೆ. ಆಗ ಮೊದಲು ನೋಡಬೇಕಾದದ್ದು ಬಾಗಿಲು ಎಲ್ಲಿ ಉಜ್ಜುತ್ತಿದೆ ಎಂಬುದನ್ನು.

ಇಷ್ಟು ಸುಲಭದ ಕೆಲಸ ತಿಂಗಳುಗಟ್ಟಲೆ ಉಳಿಯುವುದಕ್ಕೆ ಕಾರಣ, ಅದಕ್ಕೆಂದು ಒಂದು ಹೊತ್ತು ಗೊತ್ತಾಗಿರುವುದಿಲ್ಲ, ಸ್ಕ್ರೂಡ್ರೈವರ್ ಅಟ್ಟದ ಮೇಲಿರುತ್ತದೆ. ಇನ್ನೊಂದು ಕಾರಣವನ್ನು ಒಪ್ಪಿಕೊಳ್ಳಲು ಮನೆಗಳು ಹಿಂಜರಿಯುತ್ತವೆ: ದಿನಕ್ಕೆ ಹತ್ತಾರು ಸಲ ಆ ಹಿಡಿ ಎಳೆಯುವವರು ಅಡುಗೆ ಮಾಡುವ ಹೆಂಗಸರು, ಸಲಕರಣೆ ಇರುವುದು ಗಂಡಸರ ವಶದಲ್ಲಿ. ಸಲಕರಣೆ ಅಡುಗೆಮನೆಯ ಡ್ರಾಯರಿಗೆ ಬಂದರೆ, ಅಲುಗಾಟ ಯಾರ ಕೈಗೆ ತಿಳಿಯಿತೋ ಅವರೇ ಬಿಗಿಯಬಹುದು. ಬರೀ ‘ಮಾಡುತ್ತೇನೆ’ ಎಂದುಕೊಳ್ಳುವವರಿಗಿಂತ, ಯಾವಾಗ, ಎಲ್ಲಿ, ಹೇಗೆ ಎಂದು ಮೊದಲೇ ಗೊತ್ತುಮಾಡಿಕೊಂಡವರು ಕೆಲಸ ಮುಗಿಸುವುದು ಹೆಚ್ಚು ಎಂದು ಜರ್ಮನಿಯ ಮನೋವಿಜ್ಞಾನಿ ಪೀಟರ್ ಗೋಲ್‌ವಿಟ್ಸರ್ 1999ರ ಲೇಖನದಲ್ಲಿ ವಿವರಿಸಿದ್ದಾರೆ. ಹಾಗಾಗಿ ‘ಹಿಡಿ ಅಲುಗಿದರೆ, ಕುಕ್ಕರ್ ಕೂಗುವಷ್ಟರಲ್ಲಿ ಬಿಗಿಯುತ್ತೇನೆ’ ಎಂಬ ನಿಶ್ಚಯಕ್ಕೆ ಬಲ ಹೆಚ್ಚು. ಆಯುಧಪೂಜೆಗೆ ಹೇಗೂ ಸಲಕರಣೆಗಳೆಲ್ಲ ತೊಳೆದು ಹೊರಬರುತ್ತವೆ. ಹಿಂದಿನ ದಿನ ಮನೆಯ ಸ್ಕ್ರೂಗಳನ್ನೆಲ್ಲ ಒಂದು ಸುತ್ತು ನೋಡುವ ಪದ್ಧತಿ ಬೆಳೆಸಬಹುದು.

ಅದಕ್ಕಾಗಿ ಹಬ್ಬದವರೆಗೆ ಕಾಯಬೇಕಿಲ್ಲ. ಓದುಗರು ಇಂದೇ ಅಡುಗೆಮನೆಯ ಪ್ರತಿ ಹಿಡಿಯನ್ನೂ ಒಮ್ಮೆ ಅಲುಗಿಸಿ ನೋಡಲಿ. ಸಡಿಲವಿದ್ದುದನ್ನು ಊಟಕ್ಕೆ ಕೂರುವ ಮೊದಲೇ ಬಿಗಿಯಲಿ.